ನೂರೆಂಟು

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡ್ತೀನಿ. ಬೆಂಗಳೂರಿನಲ್ಲಿ ಚಲ್ಲಘಟ್ಟ ಎರಡಿವೆ. ಒಂದು ದೊಮ್ಮಲೂರಿನ ಹತ್ತಿರದ್ದು, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಇರೋದು ಅಲ್ಲಿ. ಇನ್ನೊಂದು ನಮ್ಮ ಕಡೆಯದು, ಕೆಂಗೇರಿ ದಾಟಿದ ಮೇಲೆ ಬರುವ ನೇರಳೆ ಮೆಟ್ರೋದ ಕೊನೆಯ ನಿಲ್ದಾಣ. ಅಲ್ಲಿ ಗಾಲ್ಫ್ ಇಲ್ಲ, ಮೆಟ್ರೋ ಡಿಪೋ ಇದೆ. ವಿಜಯನಗರದವನಾದ ನಾನು "ಗಾಲ್ಫ್ ಆಡ್ತೀನಿ" ಅಂದಾಗಲೆಲ್ಲ, ಮೊದಲನೇ ಚಲ್ಲಘಟ್ಟಕ್ಕೆ ಹೋಗಬೇಕಾದವನು ಎರಡನೇದರಲ್ಲಿ ಇಳಿದುಬಿಟ್ಟಿದ್ದಾನೆ ಅನ್ನೋ ಹಾಗೆ ಜನ ನೋಡ್ತಾರೆ.

ತಪ್ಪು ಅವರದಲ್ಲ ಬಿಡಿ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಅಂದರೆ ಈ ಆಟ ನಮ್ಮೂರಿಗೆ ಬಂದು ಒಂದೂವರೆ ಶತಮಾನವೇ ಆಯ್ತು. ಆದರೂ ಹೈಗ್ರೌಂಡ್ಸ್‌ನಿಂದ ಮಾಗಡಿ ರಸ್ತೆ ದಾಟಿ ನಮ್ಮ ಓಣಿಗೆ ಇನ್ನೂ ತಲುಪಿಲ್ಲ. ಅರ್ಧ ಸೆಟ್ ಸೆಕೆಂಡ್ ಹ್ಯಾಂಡ್ ಕ್ಲಬ್ಬುಗಳನ್ನು ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಟರೆ ಪಕ್ಕದ ಮನೆ ಅಜ್ಜಿ ಈಗಲೂ "ಹಾಕಿ ಮ್ಯಾಚಾ ಮಗಾ?" ಅಂತ ಕೇಳ್ತಾರೆ. ನಾನೂ "ಹೂಂ ಅಜ್ಜಿ" ಅಂದುಬಿಡ್ತೀನಿ. ಬಸ್ ಹಿಡಿಯೋ ಅವಸರದಲ್ಲಿ ಗಾಲ್ಫ್ ವಿವರಿಸೋಕೆ ಆಗಲ್ಲ :)

ನಿಮಗಾದರೂ ವಿವರಿಸಿಬಿಡ್ತೀನಿ, ಮುಂದೆ ಬೇಕಾಗುತ್ತೆ. ಹದಿನೆಂಟು ಗುಳಿ. ಒಂದೊಂದಕ್ಕೂ ಇಷ್ಟು ಹೊಡೆತದಲ್ಲಿ ಚೆಂಡು ಒಳಗೆ ಬೀಳಬೇಕು ಅಂತ ಲೆಕ್ಕ, ಅದು ಪಾರ್. ಎಲ್ಲಾ ಸೇರಿ ಸಾಮಾನ್ಯವಾಗಿ 72. ಕಡಿಮೆ ಹೊಡೆದವನು ಗೆದ್ದ. ನನ್ನಂಥ ಹವ್ಯಾಸಿಗಳಿಗೆ ಹ್ಯಾಂಡಿಕ್ಯಾಪ್ ಅಂತ ಒಂದು ರಿಯಾಯಿತಿ ಇರುತ್ತೆ. ನನ್ನದು 24. ಅಂದರೆ 96 ಹೊಡೆದರೆ ನನ್ನ ಯೋಗ್ಯತೆಗೆ ತಕ್ಕ ಹಾಗೆ ಆಡಿದೆ ಅಂತ ಅರ್ಥ. ಅದಕ್ಕಿಂತ ಕಡಿಮೆಯಾದರೆ ಬಹುಮಾನದ ಕಡೆ ಕಣ್ಣು ಹಾಯಿಸಬಹುದು.

ಮೊನ್ನೆ ಭಾನುವಾರ ಮೈಸೂರು ರಸ್ತೆಯ ಆಚೆಗಿನ ಒಂದು ಕೋರ್ಸಿನಲ್ಲಿ ಹವ್ಯಾಸಿಗಳ ಪಂದ್ಯ ಇತ್ತು. ಒಂದು ತಿಂಗಳಿಂದ ತಯಾರಿ ನಡೆಸಿದ್ದೆ. ನಮ್ಮ ಮನೆ ಶೋಕೇಸಿನಲ್ಲಿ ಇವತ್ತಿನವರೆಗೂ ಒಂದು ಕಪ್ ಇಲ್ಲ. ಅಪ್ಪ ಕಾಮಾಕ್ಷಿಪಾಳ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದವರು. ಅದು ಮುಚ್ಚಿ ಎರಡು ವರ್ಷವಾಯ್ತು, ಅವತ್ತಿನಿಂದ ಮನೆಯಲ್ಲೇ ಇದ್ದಾರೆ. ಅವರ ಮಾತೂ ಕಡಿಮೆಯಾಗಿದೆ. ನನ್ನ ಆಟದ ಬಗ್ಗೆ ಅವರು ಒಳ್ಳೆಯದೂ ಹೇಳಿದವರಲ್ಲ, ಕೆಟ್ಟದ್ದೂ ಹೇಳಿದವರಲ್ಲ. ಪಂದ್ಯದ ಹಿಂದಿನ ವಾರ ಮಾತ್ರ "ಗುಳಿ ಹತ್ತಿರ ಚೆಂಡು ಎತ್ತಿದಾಗ ಗುರುತಿಗೆ ಏನಿಡ್ತೀಯ?" ಅಂತ ಕೇಳಿದರು. ನಾಣ್ಯ ಅಂದೆ. ಮೂರು ದಿನ ಬಿಟ್ಟು ಒಂದು ಹಿತ್ತಾಳೆ ಬಿಲ್ಲೆ ತಂದು ಕೈಗಿಟ್ಟರು. ಹಳೆಯ ಸ್ನೇಹಿತರೊಬ್ಬರ ಶೆಡ್ಡಿಗೆ ಹೋಗಿ, ಅವರ ಲೇತಿನಲ್ಲಿ ತಾವೇ ಕೊರೆದಿದ್ದು. ಎರಡು ವರ್ಷದ ಮೇಲೆ ಅಪ್ಪ ಮತ್ತೆ ಮೆಷಿನ್ ಮುಟ್ಟಿದ್ದರು. ಈ ಸಲ ಏನಾದರೂ ಗೆದ್ದು ತರಲೇಬೇಕು ಅಂತ ನನಗೆ ಹಟ ಹತ್ತಿದ್ದು ಅದಕ್ಕೇ.

ಮೊದಲ ಒಂಬತ್ತು ಗುಳಿಗೆ 46. ನಂಬ್ತೀರಾ? ಇದೇ ಲೆಕ್ಕದಲ್ಲಿ ಹೋದರೆ 92! ಮನಸ್ಸು ಆಗಲೇ ಶೋಕೇಸಿನಲ್ಲಿ ಕಪ್ ಎಲ್ಲಿಡೋದು ಅಂತ ಜಾಗ ಹುಡುಕ್ತಾ ಇತ್ತು.

ಹನ್ನೆರಡನೇ ಗುಳಿ. ಪಾರ್ ನಾಲ್ಕು, ಎದುರಿಗೆ ಕೆರೆ. ನನ್ನ ಕ್ಯಾಡಿ ಬಿಡದಿ ಕಡೆಯ ಹುಡುಗ. "ಸಾರ್, ನೀರು ನೋಡ್ಬೇಡಿ, ಆಚೆ ಮರ ನೋಡಿ" ಅಂದ. ಕ್ಯಾಡಿ ಮಾತನ್ನು ಹಗುರವಾಗಿ ತಗೊಳ್ಳೋ ಹಾಗಿಲ್ಲ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ನಮ್ಮ ಬೆಂಗಳೂರಿನ ಮುನಿಯಪ್ಪ ಕೂಡ ಕ್ಯಾಡಿಯಾಗಿ ಬ್ಯಾಗ್ ಹೊತ್ತೇ ಶುರು ಮಾಡಿದವರು. ನಾನು ಮರವನ್ನೇ ನೋಡಿದೆ. ಚೆಂಡು ಮಾತ್ರ ನೀರನ್ನೇ ನೋಡಿತು. ನೀರಿಗೆ ಬಿದ್ದರೆ ಒಂದು ಹೊಡೆತ ದಂಡ, ಮತ್ತೆ ಅಲ್ಲಿಂದಲೇ ಹೊಡಿ. ಹೊಡೆದೆ. ಮತ್ತೆ ಗುಳುಂ! ಆಗಲೇ ಲೆಕ್ಕ ನಾಲ್ಕು. ಐದನೆಯದು ದಾಟಿತು, ಆರನೆಯದು ಎತ್ತರದ ಹುಲ್ಲಿಗೆ, ಏಳನೆಯದು ಮರಳಿಗೆ. ಎಂಟನೆಯದು ಮರಳಲ್ಲೇ ಉಳಿಯಿತು. ಒಂಬತ್ತರಲ್ಲಿ ಗ್ರೀನ್ ಮೇಲೆ ಬಂದೆ. ಚೆಂಡು ಎತ್ತಿ ಅಪ್ಪನ ಬಿಲ್ಲೆ ಇಟ್ಟೆ. ಚೆಂಡು ಒರೆಸಿ, ಇಟ್ಟು, ತಳ್ಳಿದೆ. ಅಂಚು ಸವರಿಕೊಂಡು ಹೊರಗೆ ನಿಂತಿತು. ಹನ್ನೊಂದಕ್ಕೆ ಒಳಗೆ.

ಗಾಲ್ಫಿನಲ್ಲಿ ಅಂಪೈರ್ ಬೆನ್ನಿಗೆ ನಿಂತಿರೋದಿಲ್ಲ. ನಿಮ್ಮ ಕಾರ್ಡು ಜೊತೆಗಾರ ಬರೀತಾನೆ, ನೀವು ಹೇಳಿದ್ದನ್ನು ನಂಬಿ. ನನ್ನ ಕಾರ್ಡ್ ಹಿಡಿದಿದ್ದ ಹಿರಿಯರು ಆ ಹೊತ್ತಿನಲ್ಲಿ ಆಚೆ ಪೊದೆಯಲ್ಲಿ ತಮ್ಮ ಚೆಂಡು ಹುಡುಕ್ತಾ ಇದ್ದರು. ವಾಪಸ್ ಬಂದು ಪೆನ್ಸಿಲ್ ತೆಗೆದು, "ಎಂಟು ಹಾಕ್ಲಾ?" ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಎಂಟಾದರೆ ಹನ್ನೆರಡು ಗುಳಿಗೆ 65, ಬಹುಮಾನದ ಆಸೆಗೆ ಇನ್ನೂ ಜೀವ ಇರುತ್ತೆ. ಕ್ಯಾಡಿ ಹುಡುಗ ತನ್ನ ಚಪ್ಪಲಿ ನೋಡ್ತಾ ನಿಂತಿದ್ದ. ನಾನು ಏನಂತೀನಿ ಅಂತ ಅವನ ಕಿವಿ ಮಾತ್ರ ಈ ಕಡೆಗೇ ಇತ್ತು. ಬಿಲ್ಲೆ ಇನ್ನೂ ನನ್ನ ಅಂಗೈಯಲ್ಲಿತ್ತು.

"ಹನ್ನೊಂದು ಸಾರ್" ಅಂದೆ.

ನಿಜ ಹೇಳಿದ್ದಕ್ಕೆ ದೇವರು ಒಳ್ಳೆಯದು ಮಾಡಿದ ಅಂತ ನೀವು ಕಾಯ್ತಾ ಇದ್ದರೆ, ಕ್ಷಮಿಸಿ. ಉಳಿದ ಆರು ಗುಳಿಗೆ 40 ಹೊಡೆದೆ. ಒಟ್ಟು 108. ಬಹುಮಾನ ವಿತರಣೆ ಹೊತ್ತಿಗೆ ನಾನು ಮೈಸೂರು ರಸ್ತೆಯಲ್ಲಿ ಬಸ್ಸಿಗೆ ಕಾಯ್ತಾ ಇದ್ದೆ.

ಬಸ್ಸಿನಲ್ಲಿ ಕೂತಾಗ ಅದಿತಿ ಅಶೋಕ್ ನೆನಪಾದರು. ಬೆಂಗಳೂರಿನ ಹುಡುಗಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರಲ್ಲಿ, ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೇ ಸ್ಥಾನ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕೊನೆಯ ದಿನ ಶುರುವಾದಾಗ ಏಳು ಹೊಡೆತ ಮುಂದಿದ್ದರು, ಚಿನ್ನ ಬಂದೇ ಬಿಟ್ಟಿತು ಅಂತ ಎಲ್ಲರೂ ಅಂದುಕೊಂಡಿದ್ದೆವು. ಆ ದಿನ ಅವರು ಹೊಡೆದಿದ್ದು 77. ಬೆಳ್ಳಿ ಸಿಕ್ಕಿತು. ಏಷ್ಯನ್ ಗೇಮ್ಸ್ ಗಾಲ್ಫಿನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಪದಕ ಅದು. ಅವರಿಗೂ ನನಗೂ ಹೋಲಿಕೆ ಖಂಡಿತ ಇಲ್ಲ, ಅಜಗಜಾಂತರ. ಆದರೆ ಅಂಥವರ ಕಾರ್ಡಿನಲ್ಲೂ ಆ 77 ಹಾಗೇ ಇದೆ, ಯಾರೂ ಅದನ್ನು 72 ಮಾಡಿಲ್ಲ ಅನ್ನೋದು ಯಾಕೋ ಸಮಾಧಾನ ಕೊಟ್ಟಿತು.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಇದ್ದರು. "ಎಷ್ಟು?"

"ನೂರೆಂಟು."

"ಕಡಿಮೆ ಬಂದೋರು ಗೆಲ್ಲೋದಲ್ವಾ?"

"ಹೂಂ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಗುಳಿ ಎಷ್ಟು ಅಗಲ ಇರುತ್ತೆ?" ಅಂದರು. ನಾಲ್ಕೂಕಾಲು ಇಂಚು, 1891ರಿಂದ ಅದೇ ಅಳತೆ ಅಂದೆ. ಅಪ್ಪ ಗೋಡೆ ನೋಡ್ತಾ ಬಾಯಲ್ಲೇ ಲೆಕ್ಕ ಹಾಕಿದರು. "ಇಂಚಿಗೆ 25.4... 107.95. ನೂರೆಂಟು ಎಂಎಂ ಅನ್ನು. ಸೈಜಿಗೆ ಸರಿಯಾಗೇ ಹೊಡೆದಿದ್ದೀಯಲ್ಲೋ!" ಅಂತ ನಕ್ಕುಬಿಟ್ಟರು. ಅಪ್ಪ ಹಾಗೆ ಜೋರಾಗಿ ನಕ್ಕಿದ್ದು ನೋಡಿ ಎಷ್ಟು ದಿನವಾಗಿತ್ತೋ. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಇಣುಕಿದಳು.

ಊಟ ಮಾಡ್ತಾ ಹನ್ನೆರಡನೇ ಗುಳಿಯ ಕಥೆ ಹೇಳಿದೆ. ಎಂಟು ಹಾಕ್ಲಾ ಅಂದಿದ್ದನ್ನೂ ಹೇಳಿದೆ. ಅಪ್ಪ ಅನ್ನ ಕಲಸ್ತಾ, "ನಮ್ಮಲ್ಲಿ ಪೀಸ್ ಕೆಟ್ಟರೆ ಸ್ಕ್ರ್ಯಾಪಿಗೆ ಹಾಕೋ ಮುಂಚೆ ಸೈಜ್ ಬರೆದಿಡ್ತಿದ್ವಿ ಕಣೋ. ಎಷ್ಟು ಕೆಟ್ಟಿದೆ ಅಂತ ಬರೀದೇ ಇದ್ದರೆ ಟೂಲ್ ಸವೆದಿದೆಯೋ, ಸೆಟ್ಟಿಂಗ್ ಅಲುಗಾಡಿದೆಯೋ ಹೇಗೆ ಗೊತ್ತಾಗುತ್ತೆ?" ಅಂದರು. ಹೊಗಳಿಕೆ ಏನಿಲ್ಲ. ಅವರ ಪಾಲಿಗೆ ಅದು ಬರೀ ಕೆಲಸದ ವಿಷಯ. ದಿನವಿಡೀ ಲಾಗ್ ಫೈಲ್ ಓದಿ ಸಂಬಳ ತಗೊಳ್ಳೋ ನನಗೆ ಅದು ಚೆನ್ನಾಗಿಯೇ ಅರ್ಥವಾಯ್ತು.

ಕೈ ತೊಳೆದು ಬಂದು "ಎಲ್ಲಿ ಆ ಬಿಲ್ಲೆ, ಕೊಡು" ಅಂದರು. ಕನ್ನಡಕ ಏರಿಸಿ ಅಂಚಿನ ಮೇಲೆ ಬೆರಳಾಡಿಸಿ, "ಇಲ್ಲೊಂಚೂರು ಚೂಪು ಉಳಿದಿದೆ" ಅಂತ ಎಮರಿ ಪೇಪರ್ ಹುಡುಕೋಕೆ ಹೊರಟರು. ಮುಂದಿನ ಪಂದ್ಯ ಯಾವಾಗ ಅಂತಲೂ ಕೇಳಿದರು.

ಇನ್ನೂ ಆರು ವಾರ ಇದೆ. ಅಪ್ಪ ಈಗ ಪ್ರತಿ ಗುರುವಾರ ಸ್ನೇಹಿತರ ಶೆಡ್ಡಿಗೆ ಹೋಗ್ತಾ ಇದ್ದಾರೆ.