ಮೊದಲ ಮರಕ್ಕೇ ಏದುಸಿರು

ಮಾಟುಂಗಾ, ಮುಂಬೈ
ಭಾನುವಾರ ರಾತ್ರಿ

ಭಾವನವರೇ,

ಮ್ಯಾರಥಾನ್ ಓಡಿ ಮುಗಿಸಿದೆ. ಮೊದಲು ಇದನ್ನು ಅಕ್ಕನಿಗೆ ಹೇಳಿಬಿಡಿ. ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದ್ದಾಳೆ, ನಾನು ಎತ್ತಿದ್ದು ಒಂದೇ ಸಲ, ಅದೂ ಬಾಯಿ ತುಂಬ ಬಾಳೆಹಣ್ಣು ಇಟ್ಟುಕೊಂಡು. 5 ಗಂಟೆ 41 ನಿಮಿಷ ಹಿಡಿಯಿತು. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಸಾಗರದಲ್ಲಿ ಬಸ್ಸು ಹತ್ತಿದವರು ತುಮಕೂರು ಮುಟ್ಟುವಷ್ಟು ಹೊತ್ತು.

"ದುಡ್ಡು ಕೊಟ್ಟು ಓಡೋದೇನೋ, ನಮ್ಮ ತೋಟಕ್ಕೆ ಬಾ, ಕಾಡುಕೋಣ ಅಟ್ಟಿಸಿದರೆ ಪುಕ್ಕಟೆ ಓಡ್ತೀಯ" ಅಂದಿದ್ದಿರಲ್ಲ, ಅದನ್ನು ಮರೆತಿಲ್ಲ. ಆದರೆ ಅದೇ ದಿನ ನೀವು ಅಡಿಕೆ ಕೊಯ್ಯುವ ಕೊನೆಗಾರನನ್ನು ತೋರಿಸಿ ಇನ್ನೊಂದು ಮಾತು ಹೇಳಿದ್ದಿರಿ: ಮೊದಲ ಮರಕ್ಕೇ ಏದುಸಿರು ಬಿಟ್ಟರೆ ಸಂಜೆ ತನಕ ಹತ್ತೋರು ಯಾರು ಅಂತ. ಅದನ್ನು ನಕ್ಕು ಬಿಟ್ಟಿದ್ದೆ. ಇವತ್ತು ಪೆಡ್ಡರ್ ರೋಡಿನಲ್ಲಿ ನಿಂತು ನೆನೆಸಿಕೊಂಡೆ.

ಆಗಸ್ಟ್‌ನಿಂದ ಐದು ತಿಂಗಳು ನಾನು ಕಲಿತದ್ದೂ ಅದನ್ನೇ. ವಾರಕ್ಕೆ ನಾಲ್ಕು ದಿನ ಓಟ. ಮೂರು ದಿನ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ, ಭಾನುವಾರ ಉದ್ದದ ಓಟ. ಓಡುತ್ತಲೇ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಜಾಸ್ತಿಯಾಯಿತು ಎಂದರ್ಥ. ಪಕ್ಕದಲ್ಲಿ ಯಾರೂ ಇಲ್ಲದ್ದರಿಂದ ನಾನು ಒಬ್ಬನೇ ಮಗ್ಗಿ ಹೇಳಿಕೊಂಡು ಓಡುತ್ತಿದ್ದೆ. ವಾಕಿಂಗ್ ಬರುವ ಹಿರಿಯರು ದಾರಿ ಬಿಟ್ಟು ಸರಿಯುತ್ತಿದ್ದರು. ಮನೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದರೆ ಹತ್ತಿರ ಹತ್ತಿರ 32 ಕಿಲೋಮೀಟರ್. ನವೆಂಬರ್‌ನಲ್ಲಿ ಮೊದಲ ಸಲ ಹೊರಟವನು ಹೋಗುವಾಗ ಹುರುಪಿನಲ್ಲಿ ಓಡಿ, ಬರುವಾಗ ಬಸ್ಸು ಹತ್ತಿದೆ. "ನಿಂತ್ಕೊಂಡೇ ಬನ್ನಿ ಸಾರ್, ಸೀಟು ಒದ್ದೆಯಾಗುತ್ತೆ" ಎಂದರು ಕಂಡಕ್ಟರ್. ಡಿಸೆಂಬರ್‌ನಲ್ಲಿ ಕತ್ತೆಯ ಹಾಗೆ ನಿಧಾನವಾಗಿ ಹೋಗಿ, ಕತ್ತೆಯ ಹಾಗೇ ವಾಪಸ್ ಬಂದೆ. ಆವತ್ತೇ ಮುಂಬೈ ಓಡಬಲ್ಲೆ ಅನ್ನಿಸಿದ್ದು. ಕಾಲಿನ ಎರಡು ಉಗುರು ಕಪ್ಪಾಗಿ ಒಂದು ಬಿದ್ದುಹೋದ ವಿಷಯ ಅಕ್ಕನಿಗೆ ಹೇಳಬೇಡಿ.

ಶುಕ್ರವಾರ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ಗೆ ಹೋಗಿ ಎದೆಗೆ ಚುಚ್ಚಿಕೊಳ್ಳುವ ನಂಬರು ತಂದೆ. ಶನಿವಾರ ಮಧ್ಯಾಹ್ನ ಚಿಕ್ಕಮ್ಮ ಮಾಟುಂಗಾ ಸ್ಟೇಷನ್ ಎದುರಿನ ರಾಮನಾಯಕರ ಉಡುಪಿ ಬೋರ್ಡಿಂಗ್‌ಗೆ ಕರೆದುಕೊಂಡು ಹೋದಳು. 1942ರಿಂದ ನಡೆಯುತ್ತಿರುವ ಊಟದ ಮನೆ. ಓಟದ ಹಿಂದಿನ ದಿನ ಅನ್ನ ಹೆಚ್ಚು ತಿನ್ನಬೇಕು. ಸ್ನಾಯುಗಳಲ್ಲೂ ಪಿತ್ತಜನಕಾಂಗದಲ್ಲೂ ಸಕ್ಕರೆ ಸೇರಿಟ್ಟುಕೊಳ್ಳಬೇಕು. ಎಷ್ಟು ತುಂಬಿಕೊಂಡರೂ ಅದು ಸುಮಾರು 30 ಕಿಲೋಮೀಟರ್ ಆಸುಪಾಸಿನಲ್ಲಿ ಬರಿದಾಗುತ್ತಾ ಬರುತ್ತದೆ. ಬೇಗ ಓಡಿದವನಿಗೆ ಬೇಗ ಖಾಲಿ. ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದು ಕೇಳಿ.

ಬೆಳಗಿನ ಜಾವದ ಲೋಕಲ್‌ನಲ್ಲಿ ಕೂತವರೆಲ್ಲ ಚಡ್ಡಿ, ಬೂಟು, ತೊಡೆಗೆ ವ್ಯಾಸಲೀನ್. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ಮುಂದೆಯೇ ಓಟ ಶುರು. ಈ ಓಟ ಮೊದಲು ನಡೆದದ್ದು 2004ರಲ್ಲಿ; ಆ ಕಟ್ಟಡ ಯುನೆಸ್ಕೊ ಪಟ್ಟಿಗೆ ಸೇರಿದ್ದೂ ಅದೇ ವರ್ಷ. 5 ಗಂಟೆಗೆ ಬಿಟ್ಟರು. ಮರೀನ್ ಡ್ರೈವ್ ಕತ್ತಲಲ್ಲೇ ದಾಟಿತು, ಪೆಡ್ಡರ್ ರೋಡಿನ ಏರು ಏರಿದ್ದೇ ಗೊತ್ತಾಗಲಿಲ್ಲ. ಮಗ್ಗಿ ಹದಿನೇಳರವರೆಗೂ ಸಲೀಸಾಗಿ ಬಂತು.

ಆಮೇಲೆ ಸೀ ಲಿಂಕ್. 5.6 ಕಿಲೋಮೀಟರ್ ಉದ್ದದ ಸೇತುವೆ, 2009ರಲ್ಲಿ ತೆರೆದದ್ದು. ಬೇರೆ ದಿನ ಅಲ್ಲಿ ಕಾಲ್ನಡಿಗೆಯವರನ್ನು ಬಿಡುವುದೇ ಇಲ್ಲ. ಕೆಳಗೆ ಸಮುದ್ರ, ಪೂರ್ವಕ್ಕೆ ಕಟ್ಟಡಗಳ ಸಂದಿಯಲ್ಲಿ ಕೆಂಪು, ಮೇಲೆ ವೀಣೆಯ ತಂತಿ ಬಿಗಿದ ಹಾಗೆ ಕೇಬಲ್ಲು, ಸಾವಿರಾರು ಬೂಟುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೈಸೂರಿನವನಿಗೆ ಇಷ್ಟು ಸಮುದ್ರ ಒಟ್ಟಿಗೆ ಸಿಕ್ಕಿದರೆ ತಲೆ ನಿಲ್ಲುತ್ತದೆಯೇ? ಮಗ್ಗಿ ಬಿಟ್ಟೆ. ಓಡಿದೆ. ಅರ್ಧ ದೂರ 2 ಗಂಟೆ 28 ನಿಮಿಷಕ್ಕೆ ಮುಗಿಯಿತು. ಉಳಿದರ್ಧಕ್ಕೆ ಎಷ್ಟಾಯಿತು, ನೀವೇ ಕಳೆದು ನೋಡಿ.

ಮಾಹಿಮ್‌ನಿಂದ ಶಿವಾಜಿ ಪಾರ್ಕ್‌ವರೆಗೆ ರಸ್ತೆಯ ಎರಡೂ ಬದಿ ಜನ. ಮನೆಯಿಂದ ಸ್ಟೂಲು ತಂದಿಟ್ಟು ಕಿತ್ತಳೆ ತೊಳೆ, ಚಿಕ್ಕಿ, ಬಿಸ್ಕತ್ತು, ಉಪ್ಪು ಸವರಿದ ಸೌತೆಕಾಯಿ. ನಮ್ಮ ಎದೆಯ ನಂಬರಿನ ಮೇಲೆ ಹೆಸರು ಇರುತ್ತದೆ, ಅದನ್ನು ಓದಿ ಕೂಗುತ್ತಾರೆ. ನೈಟಿ ಮೇಲೆ ಸ್ವೆಟರ್ ಹಾಕಿದ್ದ ಅಜ್ಜಿಯೊಬ್ಬರು ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು. ಒಳಗೆ ಎಳ್ಳುಂಡೆ. ಸಂಕ್ರಾಂತಿ ಮುಗಿದು ಇನ್ನೂ ವಾರ ಆಗಿರಲಿಲ್ಲವಲ್ಲ. "ತಿಳ್‌ಗುಳ್ ಘ್ಯಾ" ಅಂತ ಅಂಗೈಗೆ ಒತ್ತಿ, ನನ್ನ ಬೆವರಿನ ಕೈಯನ್ನು ಹಾಗೇ ಒಂದು ಗಳಿಗೆ ಹಿಡಿದುಕೊಂಡರು. ಅಕ್ಕ ಕಳಿಸಿದ್ದ ಎಳ್ಳುಬೆಲ್ಲದ ಪೊಟ್ಟಣ ನನ್ನ ಜೇಬಲ್ಲೇ ಇತ್ತು. ತೆಗೆದು ಅವರ ಡಬ್ಬಿಗೆ ಸುರಿದೆ. ಕೊಬ್ಬರಿ ಚೂರು, ಸಕ್ಕರೆ ಅಚ್ಚು ನೋಡಿ ಅವರಿಗೆ ನಗು. ಅಲ್ಲಿ ನಿಂತದ್ದಕ್ಕೆ ಎರಡು ನಿಮಿಷ ಹೋಗಿರಬಹುದು. ಆ ಲೆಕ್ಕ ನಾನು ಹಿಡಿದಿಲ್ಲ.

ವರ್ಲಿ ದಾಟುವ ಹೊತ್ತಿಗೆ, ನಮಗಿಂತ ಎರಡು ಗಂಟೆಗೂ ಮೇಲೆ ತಡವಾಗಿ ಹೊರಟಿದ್ದ ಆಫ್ರಿಕಾದ ಓಟಗಾರರು ನಮ್ಮನ್ನು ಹಿಂದೆ ಹಾಕಿದರು. ಮೊದಲು ಮೋಟರ್ ಸೈಕಲ್ಲಿನ ಸದ್ದು, ತಿರುಗುವಷ್ಟರಲ್ಲಿ ಅವರ ಬೆನ್ನು. ಹಿಮ್ಮಡಿ ನೆಲಕ್ಕೆ ಮುಟ್ಟುತ್ತಿತ್ತೋ ಇಲ್ಲವೋ. ಮುಖದಲ್ಲಿ ಮಾತ್ರ ಅವಸರ ಇರಲಿಲ್ಲ, ನಿಮ್ಮ ಕೊನೆಗಾರನ ಮುಖದ ಹಾಗೇ.

35 ದಾಟಿ ಮತ್ತೆ ಅದೇ ಪೆಡ್ಡರ್ ರೋಡು. ಚಾಮುಂಡಿ ಬೆಟ್ಟ ಹತ್ತಿದವನಿಗೆ ಅದು ಏರೇ ಅಲ್ಲ, ಮಾಮೂಲಿ ದಿನವಾಗಿದ್ದರೆ. ಬಿಸಿಲೇರಿತ್ತು, ಸೆಕೆ, ಮೀನಖಂಡ ಹಿಡಿದುಕೊಂಡು ಕಲ್ಲಾಯಿತು. ಲತಾ ಮಂಗೇಶ್ಕರ್ ಇದ್ದ ಮನೆ ಇದೇ ರಸ್ತೆಯಲ್ಲಿದೆ, ನೋಡಿಕೊಂಡು ಬಾ ಎಂದಿದ್ದಳು ಅಕ್ಕ. ನೋಡಲಿಲ್ಲ. ನೋಡಿದ್ದು ಡಾಂಬರು. ಕಂಬದಿಂದ ಕಂಬಕ್ಕೆ ನಡೆದೆ. ಮಗ್ಗಿ ಎರಡರದ್ದೂ ತಪ್ಪಿತು, ಸುಳ್ಳಲ್ಲ. ಮರೀನ್ ಡ್ರೈವ್‌ನಲ್ಲಿ ಕಾಲೇಜು ಹುಡುಗನೊಬ್ಬ ಕಾಲಿಗೆ ನೋವಿನ ಸ್ಪ್ರೇ ಹೊಡೆದು "ಅಂಕಲ್, ಬರೀ ನಾಲ್ಕು" ಅಂದ. ಆ "ಬರೀ"ಗೆ ನನಗೆ ಬಂದ ಸಿಟ್ಟಿನಲ್ಲೇ ಉಳಿದದ್ದು ಓಡಿದೆ.

ಈ 42.195 ಅನ್ನುವ ಪುಡಿಲೆಕ್ಕ ಬಂದದ್ದು 1908ರ ಲಂಡನ್ ಒಲಿಂಪಿಕ್ಸಿನಿಂದ. ವಿಂಡ್ಸರ್ ಅರಮನೆಯಲ್ಲಿ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನದ ಮುಂದೆ ಮುಗಿಯಲಿ ಎಂದು ಅಳೆದ ದೂರ. ಕೊನೆಯ 195 ಮೀಟರ್‌ನಲ್ಲಿ ಆ ರಾಜರಿಗೆ ನಾನು ಅಂದದ್ದನ್ನು ಪತ್ರದಲ್ಲಿ ಬರೆಯಲಾಗದು.

ಪದಕ ಚಿಕ್ಕಮ್ಮನ ದೇವರ ಗೂಡಿನಲ್ಲಿದೆ. ಇವರದು ಮೂರನೇ ಮಹಡಿ, ಲಿಫ್ಟಿಲ್ಲ. ಸಂಜೆ ಅಂಚೆ ಕವರು ತರಲು ಹಿಂದುಮುಂದಾಗಿ ಇಳಿದೆ, ಕೆಳಗಿನ ಮನೆಯ ಮಗು ಚಪ್ಪಾಳೆ ತಟ್ಟಿತು. ನಾಳೆ ಬೆಳಿಗ್ಗೆ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಹೊರಡುತ್ತೇನೆ. ಮುಂದಿನ ವಾರ ಸಾಗರಕ್ಕೆ ಬಂದಾಗ ಅಡಿಕೆ ಸುಲಿಯಲು ಕೂರಿಸಿ, ಎಷ್ಟು ಹೊತ್ತಾದರೂ ಕೂರುತ್ತೇನೆ. ಅಟ್ಟ ಹತ್ತಲು ಮಾತ್ರ ಹೇಳಬೇಡಿ.

ನಿಮ್ಮ ಭಾವಮೈದುನ