ಇಳಿತದ ಹೊತ್ತಿನ ಕಾರವಾರ

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಓಡಬೇಕೆಂದರೆ ಸಂಜೆಯ ಇಳಿತ ನೋಡಿಕೊಂಡು ಹೋಗಬೇಕು. ನೀರು ಹಿಂದೆ ಸರಿದು, ಕಾಲು ಹುಗಿಯದ ಒದ್ದೆ ಮರಳು ಉದ್ದಕ್ಕೂ ತೆರೆದುಕೊಂಡಿರುತ್ತದೆ. ಡಿಸೆಂಬರಿನ ಒಂದು ಸಂಜೆ, ದಡದ ಮೇಲೆ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಯ ಬಳಿಯಿಂದ ಉತ್ತರಕ್ಕೆ, ಕೋಡಿಬಾಗದ ಕಡೆಗೆ, ಬರಿಗಾಲಲ್ಲಿ ಓಡತೊಡಗಿದೆ. ಎಡಕ್ಕೆ ಕಡಲು, ಬಲಕ್ಕೆ ಗಾಳಿಮರಗಳು, ಎದುರಿಗೆ ಕಾಳಿ ನದಿಯಾಚೆ ಸದಾಶಿವಗಡದ ಗುಡ್ಡ.

ಮೊದಲ ಬೆರಗು ಕಾಲಡಿಯಲ್ಲೇ ಇತ್ತು. ಹೆಜ್ಜೆ ಊರಿದೊಡನೆ ಪಾದದ ಸುತ್ತ ಮರಳು ಬಿಳಿಚಿ ಒಣಗುತ್ತದೆ. ಕಾಲೆತ್ತಿದರೆ ಮತ್ತೆ ನೀರು ಜಿನುಗುತ್ತದೆ. ಒತ್ತೊತ್ತಾಗಿ ಕೂತ ಮರಳ ಕಣಗಳು ಭಾರ ಬಿದ್ದಾಗ ಒಂದನ್ನೊಂದು ಹತ್ತಿ ಸರಿಯುತ್ತವೆ, ನಡುವಿನ ಸಂದುಗಳು ಹಿಗ್ಗುತ್ತವೆ, ಮೇಲಿನ ನೀರು ಅಲ್ಲಿಗೆ ಇಳಿಯುತ್ತದೆ. ಬ್ರಿಟನ್ನಿನ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲಿ ಇದನ್ನು ವಿವರಿಸಿದ. ದಡದಲ್ಲಿ ನಡೆದವರೆಲ್ಲ ತುಳಿದೇ ಹೋಗಿರುವ ವಿಸ್ಮಯ ಇದು.

ಇನ್ನೂ ಮುಂದೆ, ಮರಳಿನ ಮೇಲೆ ಚುಕ್ಕಿ ರಂಗೋಲಿ ಹಾಕಿದಂತೆ ಸಾವಿರಾರು ಪುಟ್ಟ ಉಂಡೆಗಳು. ಓಟ ನಿಲ್ಲಿಸಿ ಮಂಡಿಯೂರಿ ಕೂತೆ. ನೆರಳು ಬಿದ್ದದ್ದೇ ತಡ, ಅವನ್ನು ಕಟ್ಟುತ್ತಿದ್ದ ಏಡಿಗಳೆಲ್ಲ ಬಿಲ ಸೇರಿದವು. ಅಲುಗದೆ ಕಾದಾಗ ಬೆರಳುಗುರಿನಷ್ಟಿದ್ದ ಒಂದು ಹೊರಬಂತು. ಎರಡೂ ಕೊಂಡಿಗಳಿಂದ ಮರಳು ಬಾಚಿ ಬಾಯಿಗಿಟ್ಟಿತು, ಅದರಲ್ಲಿದ್ದ ಸೂಕ್ಷ್ಮ ಆಹಾರವನ್ನು ಸೋಸಿಕೊಂಡಿತು, ಉಳಿದದ್ದನ್ನು ಉಂಡೆಕಟ್ಟಿ ಬದಿಗೆ ಸರಿಸಿತು. ಮುಂದಿನ ಭರತ ಇದಿಷ್ಟನ್ನೂ ಅಳಿಸುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿ ಇಳಿತದಲ್ಲೂ ಏಡಿಗೆ ಹೊಸ ಬಯಲು, ಹೊಸ ಊಟ.

ಅಲ್ಲಿಂದ ಕೂಗಳತೆಯಲ್ಲಿ ಏಂಡಿ ಬಲೆ ಎಳೆಯುತ್ತಿದ್ದರು. ದೋಣಿಯವರು ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ಹಗ್ಗದ ಎರಡೂ ತುದಿಗಳನ್ನು ದಡಕ್ಕೆ ತಂದಿದ್ದರು. ಹಗ್ಗ ಹಿಡಿದ ಎರಡು ಸಾಲುಗಳು ಹಿಂದಕ್ಕೆ ವಾಲಿ ಎಳೆಯುತ್ತ, ಬಲೆ ಹತ್ತಿರವಾದಂತೆ ಒಂದರ ಕಡೆಗೊಂದು ಸರಿಯುತ್ತ ಬಂದವು. ಕೊಂಕಣಿಯ ಕೂಗು ಏರಿತು. ಗರುಡಗಳು ತಲೆಯ ಮೇಲೇ ಸುತ್ತತೊಡಗಿದವು. ಕೊನೆಗೆ ಬಲೆಯ ಹೊಟ್ಟೆ ಮರಳಿಗೆ ಬಂದಾಗ ತಾರ್ಲೆ, ಬಂಗಡೆ, ಒಂದಿಷ್ಟು ಶೆಟ್ಲಿ ಫಳಫಳಿಸಿದವು. ಹೆಂಗಸರು ಬುಟ್ಟಿ ತಂದು ಕೂತು, ಮಾತಾಡುತ್ತಲೇ ಮೀನು ಬೇರ್ಪಡಿಸಿದರು. ಅವರ ಕೈಗೆ ಕಣ್ಣಿನ ಸಹಾಯವೇ ಬೇಕಿರಲಿಲ್ಲ.

ಸೈನ್ಯದ ಭರ್ತಿಗೆ ತಯಾರಾಗುತ್ತಿದ್ದ ಹುಡುಗರು ನನ್ನನ್ನು ದಾಟಿ ಓಡಿದರು. ಬಯಲುಸೀಮೆಯಿಂದ ಬಂದ ಕುಟುಂಬವೊಂದು ನೀರಿನಂಚಿಗೆ ನಿಂತಿತ್ತು. ಪುಟ್ಟ ಹುಡುಗಿ ಬೊಗಸೆ ನೀರನ್ನು ನಾಲಿಗೆಗೆ ಮುಟ್ಟಿಸಿ, “ಯವ್ವಾ, ಖರೇನ ಉಪ್ಪ ಐತಿ!” ಎಂದು ಕೂಗಿದಳು. ತಾಯಿಯೂ ಬಗ್ಗಿ ರುಚಿ ನೋಡಿದಳು. ಆ ಖುಷಿಗೆ ನನ್ನ ಓಟದ ಲಯವೇ ಹಗುರಾಯಿತು.

ಈ ತೀರ ಹೆಸರು ಹೊತ್ತಿರುವ ರವೀಂದ್ರನಾಥರು ಇಪ್ಪತ್ತರ ಹರೆಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದರು. ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಮೇಲೆ ಸಾಗಿ, ಮರಳುವಾಗ ನದಿಮುಖದಲ್ಲಿ ಇಳಿದು ಮರಳ ಮೇಲೇ ಮನೆಗೆ ನಡೆದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಹುಟ್ಟಿದ್ದು ಈ ಊರಿನಲ್ಲೇ.

ಕೋಡಿಬಾಗ ಮುಟ್ಟುವಾಗ ಸೂರ್ಯ ಮುಳುಗಿದ್ದ. ದೇವಗಡ ದ್ವೀಪದ ದೀಪಸ್ತಂಭ ಬೆಳಗತೊಡಗಿತ್ತು. ಜೋಯಿಡಾದ ಕಾಡುಗಳಿಂದ ಹರಿದು ಬಂದ ಕಾಳಿ ಇಲ್ಲಿ ಅವಸರವಿಲ್ಲದೆ ಅಗಲವಾಗಿ ಕಡಲಿಗೆ ಸೇರುತ್ತಿದ್ದಳು. ನೌಕಾನೆಲೆಗಾಗಿ ಅರ್ಗಾದಂಥ ದಡಗಳನ್ನು ಬಿಟ್ಟುಕೊಟ್ಟ ಊರು ಇದು. ಬಂದರು ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದದ್ದು ಈ ದಡವಾದರೂ ಉಳಿಯಲೆಂದು. ಅವರ ಹಟ ಎಷ್ಟು ದೊಡ್ಡದೆಂದು ಅಂದು ನನಗೆ ಕಾಲಲ್ಲೇ ತಿಳಿಯಿತು. ಏಡಿಗೆ ಊಟ, ಖಾರ್ವಿ ಮೀನುಗಾರರಿಗೆ ದುಡಿಮೆ, ಹುಡುಗರಿಗೆ ಮೈದಾನ, ದೂರದ ಮಗುವಿಗೆ ಮೊದಲ ಕಡಲು: ಇಷ್ಟನ್ನೂ ಒಂದೇ ಇಳಿತದಲ್ಲಿ ಕೊಡುವ ಜಾಗವನ್ನು ಮತ್ತೊಂದು ಕಡೆ ಕಟ್ಟಲು ಯಾರಿಂದಲೂ ಆಗದು.