ಹಲ್ಲಿಗೊಂದು ಒಗ್ಗರಣೆ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದವನಿಗೆ ‘ನಾನು’ ಎನ್ನಲು ಬರುವುದಿಲ್ಲ. ಅನುಮಾನವಿದ್ದವರು ಈಗಲೇ ಬಾಯಗಲಿಸಿ ನೋಡಬಹುದು. ತ ಥ ದ ಧ ನ ದಂತ್ಯಗಳೆಂದು ಕನ್ನಡ ಮೇಷ್ಟ್ರು ಹೇಳಿಕೊಟ್ಟದ್ದು ಸುಳ್ಳಲ್ಲ. ನಾಲಿಗೆ ಹೋಗಿ ಹಲ್ಲಿನ ಬೆನ್ನು ಮುಟ್ಟದೆ ‘ನ’ ಹುಟ್ಟುವುದಿಲ್ಲ, ‘ನಾನು’ವಿನಲ್ಲೋ ಅಂಥವು ಎರಡಿವೆ. ಹಾಗಾಗಿ ಈ ಪ್ರಬಂಧ ಬರೆದವನು ಇಲ್ಲಿ ತನ್ನನ್ನು ‘ರೋಗಿ’ ಎಂದೇ ಕರೆದುಕೊಳ್ಳುತ್ತಾನೆ. ಆ ಮಾತಿಗೆ ಹಲ್ಲಿನ ಹಂಗಿಲ್ಲ.

ರೋಗಿಗೆ ಐವತ್ತೆಂಟು. ಹುಟ್ಟಿದ್ದು ಅರಸೀಕೆರೆ ಕಡೆಯ ಹಳ್ಳಿ, ವಾಸ ಬೆಂಗಳೂರು. ಕೃಷ್ಣಾಷ್ಟಮಿಯ ಮಾರನೆಯ ದಿನ ಎಡಗಡೆಯ ಕೆಳದವಡೆಯಲ್ಲಿ ಚಕ್ಕುಲಿ ‘ಟಕ್’ ಎಂದಿತು. ಮುರಿದದ್ದು ಚಕ್ಕುಲಿಯಲ್ಲ. ನಾಲಿಗೆ ಓಡಿಹೋಗಿ ನೋಡಿಕೊಂಡು ಬಂತು: ಬಾಲ್ಯದಲ್ಲಿ ತುಂಬಿಸಿದ್ದ ಬೆಳ್ಳಿಯ ಪಕ್ಕ ಹಲ್ಲಿನ ಒಂದು ಗೋಡೆ ಕುಸಿದಿತ್ತು, ಒಳಗೆ ಏನೋ ಮೆತ್ತಗೆ. ಆಮೇಲೆ ಇಡೀ ದಿನ ನಾಲಿಗೆಗೆ ಅದೊಂದೇ ಕೆಲಸ, ಸತ್ತವರ ಮನೆಗೆ ಮತ್ತೆ ಮತ್ತೆ ಹೋಗಿ ಬರುವ ನೆಂಟರ ಹಾಗೆ.

“ಈಗೆಲ್ಲ ಲೇಸರ್ ಅಂತೆ ಕಣ್ರೀ. ನೋವೇ ಇರಲ್ವಂತೆ, ಶಬ್ದಾನೂ ಇಲ್ವಂತೆ” ಎಂದರು ಹೆಂಡತಿ.

ನೋವಿಲ್ಲ ಎಂಬುದನ್ನು ರೋಗಿ ನಂಬಲಿಲ್ಲ. ಶಬ್ದವಿಲ್ಲ ಎಂಬುದಕ್ಕೆ ಸೋತುಹೋದ. ಹಲ್ಲಿನ ವಿಷಯದಲ್ಲಿ ಆತನ ಭಯವೆಲ್ಲ ಇರುವುದು ಕಿವಿಯಲ್ಲಿ.

ಆತನ ಅಜ್ಜಿಯ ಕಾಲದಲ್ಲಿ ಈ ರೋಗಕ್ಕೆ ಶಬ್ದವಿರಲಿಲ್ಲ, ಹೊಗೆಯಿತ್ತು. ಸುಗ್ಗಿ ಮುಗಿದ ಮೇಲೆ ಊರಿಗೊಬ್ಬ ಹೆಂಗಸು ‘ಹಲ್ಲಿನ ಹುಳ ತೆಗೀತೀವಮ್ಮೋ’ ಎಂದು ಕೂಗುತ್ತ ಬರುತ್ತಿದ್ದಳು. ಕರಟದಲ್ಲಿ ಕೆಂಡ, ಕೆಂಡದ ಮೇಲೆ ಎಣ್ಣೆ ಸವರಿದ ಗುಳ್ಳದ ಬೀಜ, ಅದರ ಮೇಲೊಂದು ಮಡಕೆಯ ಚೂರು, ಹೊಗೆ ಎಳೆಯಲು ಪಪ್ಪಾಯಿ ಎಲೆಯ ಟೊಳ್ಳು ದಂಟು. ಅಜ್ಜಿ ಕೆಮ್ಮಿ ಕೆಮ್ಮಿ ಹೊಗೆ ತುಂಬಿಕೊಂಡು ತಟ್ಟೆಯ ನೀರಿಗೆ ಉಗಿದಾಗ ಬೆಳ್ಳಗಿನ ಎಳೆಗಳು ತೇಲುತ್ತಿದ್ದವು. “ನೋಡವ್ವಾ, ಏಳು ಹುಳ!” ಅಜ್ಜಿ ಒಂದು ಸೇರು ರಾಗಿ ಅಳೆದು ಕೊಡುತ್ತಿದ್ದರು. ಬಿಸಿಗೆ ಬಿರಿದ ಬೀಜದ ಒಳಗಿನ ಬಿಳಿ ಮೊಳಕೆಯೇ ಹುಳದ ವೇಷ ಹಾಕಿ ಬರುತ್ತಿತ್ತು ಎಂದು ರೋಗಿಗೆ ತಿಳಿದದ್ದು ಬಹಳ ತಡವಾಗಿ. ಪ್ಯಾರಿಸ್ಸಿನ ಪಿಯೆರ್ ಫೋಶಾರ್ 1728ರಲ್ಲೇ ತನ್ನ ದಂತವೈದ್ಯದ ಪುಸ್ತಕದಲ್ಲಿ, ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಹುಳ ಕಾಣಲಿಲ್ಲ ಎಂದು ಬರೆದಿಟ್ಟಿದ್ದ. ಆ ಸುದ್ದಿ ಅರಸೀಕೆರೆ ತಲುಪಿರಲಿಲ್ಲ. ಆದರೂ ಒಂದು ಮಾತು ಹೇಳಬೇಕು, ಅಜ್ಜಿಗೆ ಎರಡು ದಿನ ನೋವು ಕಡಿಮೆಯಾಗುತ್ತಿದ್ದುದಂತೂ ನಿಜ.

ಮೊಮ್ಮಗನ ಸರದಿ ಬಂದದ್ದು 1977ರಲ್ಲಿ, ಆತನಿಗೆ ಹತ್ತು ವರ್ಷವಾದಾಗ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ತೆರೆದದ್ದೇ 1958ರಲ್ಲಿ. ತಾಲೂಕು ಊರುಗಳಲ್ಲಿ ಹಲ್ಲಿನ ಡಾಕ್ಟರು ಇನ್ನೂ ಅಪರೂಪದ ಪ್ರಾಣಿ. ಅಪ್ಪ ಬಸ್ಸಿನಲ್ಲಿ ಕರೆದುಕೊಂಡು ಹೋದ ಕೋಣೆಯ ಮೂಲೆಯಲ್ಲಿ ಟೈಲರ್ ಮಿಷನ್ನಿನ ಹಾಗೆ ಕಾಲಲ್ಲಿ ತುಳಿಯುವ ಒಂದು ಯಂತ್ರವಿತ್ತು. ಕೆಳಗೆ ಪೆಡಲು, ಪಕ್ಕಕ್ಕೊಂದು ಚಕ್ರ, ಚಕ್ರದಿಂದ ಹೊರಟ ದಾರ ರಾಟೆಗಳ ಮೇಲೆ ಹಾದು ಮೊಣಕೈಯಂತೆ ಮಡಚುವ ಕಂಬಿಗುಂಟ ಇಳಿದು ಡಾಕ್ಟರ ಬೆರಳ ತುದಿಗೆ ಬರುತ್ತಿತ್ತು. ಹುಡುಗ ಹೋಲಿಸಿಕೊಂಡದ್ದು ತಪ್ಪಾಗಿರಲಿಲ್ಲ. ಅಮೆರಿಕದ ಜೇಮ್ಸ್ ಮಾರಿಸನ್ 1871ರಲ್ಲಿ ಈ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಹೊಲಿಗೆ ಯಂತ್ರದ ತುಳಿತವನ್ನೇ ಎರವಲು ತಂದಿದ್ದ. ತುಳಿತ ನಿಧಾನವಾದರೆ ಮುಳ್ಳು ಹಲ್ಲಿಗೆ ಕಚ್ಚಿಕೊಂಡು ತಲೆಯೇ ಅಲುಗಾಡುತ್ತಿತ್ತು. ಗುರ್‌ರ್‌ರ್ ಎಂಬ ಆ ಸದ್ದು ಹೊರಗಿನಿಂದ ಕಿವಿಗೆ ಬಂದದ್ದಲ್ಲ. ಬುರುಡೆಯ ಒಳಗೇ ಯಾರೋ ಕೂತು ಬೀಸುಕಲ್ಲು ತಿರುಗಿಸಿದ ಹಾಗಿತ್ತು.

ಕೊರೆದಾದ ಮೇಲೆ ಡಾಕ್ಟರು ಪುಟ್ಟ ಗಾಜಿನ ಕಲ್ಲುಬತ್ತದಲ್ಲಿ ಬೆಳ್ಳಿಯ ಪುಡಿಗೆ ಪಾದರಸ ಹಾಕಿ ಅರೆದರು, ಬಟ್ಟೆಯಲ್ಲಿ ಕಟ್ಟಿ ಹಿಂಡಿದರು. ಹೆಚ್ಚಾದ ಪಾದರಸ ಮಣಿಮಣಿಯಾಗಿ ಉದುರಿತು. ಅಳು ನಿಲ್ಲಿಸಿದ್ದಕ್ಕೆ ಬಹುಮಾನವಾಗಿ ಅದರಲ್ಲೊಂದು ಮಣಿಯನ್ನು ಖಾಲಿ ಇಂಜೆಕ್ಷನ್ ಸೀಸೆಯಲ್ಲಿ ಹಾಕಿ ಹುಡುಗನಿಗೆ ಕೊಟ್ಟರು. ವರ್ಷಗಟ್ಟಲೆ ಆತ ಅದನ್ನು ಅಂಗೈಯಲ್ಲಿ ಉರುಳಿಸಿ ಆಡಿದ. ಇಂದಿನ ತಾಯಂದಿರು ಕೇಳಿದರೆ ಮೂರ್ಛೆ ಹೋದಾರು.

ಕೊರೆಯುವ ಸದ್ದಿಗೆ ವಯಸ್ಸೆಷ್ಟು? ಬಲೂಚಿಸ್ತಾನದ ಮೆಹರ್‌ಗಢದ ಸ್ಮಶಾನದಲ್ಲಿ ಒಂಬತ್ತು ಜನರ ಹನ್ನೊಂದು ಹಲ್ಲುಗಳಲ್ಲಿ ಕೊರೆದ ತೂತುಗಳು ಸಿಕ್ಕಿವೆ ಎಂದು 2006ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿತು. ಅವು ಏಳೂವರೆಯಿಂದ ಒಂಬತ್ತು ಸಾವಿರ ವರ್ಷ ಹಿಂದಿನವು. ಮಣಿಗೆ ತೂತು ಹಾಕುವ ಚಕಮಕಿ ಕಲ್ಲಿನ ಮೊನೆಯನ್ನೇ ಅಲ್ಲಿನವರು ಬಾಯಿಗೂ ಹಾಕಿದ್ದರು. ತೂತಿನ ಅಂಚು ಸವೆದಿರುವುದರಿಂದ ಆ ಪುಣ್ಯಾತ್ಮರು ಆಮೇಲೂ ಬದುಕಿ ಅದೇ ಹಲ್ಲಿನಲ್ಲಿ ಅಗಿದು ಉಂಡರು ಎಂದು ಗೊತ್ತಾಗುತ್ತದೆ. ಅಲ್ಲಿಂದ 1957ರಲ್ಲಿ ಮಾರುಕಟ್ಟೆಗೆ ಬಂದ ಏರೋಟರ್‌ವರೆಗೆ ಉಪಾಯ ಒಂದೇ: ಗಟ್ಟಿಯಾದದ್ದನ್ನು ತಿರುಗಿಸಿ ತಿಕ್ಕುವುದು. ಏರೋಟರ್ ಗಾಳಿಯ ರಭಸಕ್ಕೆ ನಿಮಿಷಕ್ಕೆ ಸುಮಾರು ಮೂರು ಲಕ್ಷ ಸುತ್ತು ಹಾಕಿತು. ಗುರ್‌ರ್ ಹೋಗಿ ಕೀಂಯ್ ಬಂತು. ಕಾಯುವ ಕೋಣೆಯಲ್ಲಿ ಕೂತವರ ಬೆನ್ನುಮೂಳೆಯಲ್ಲಿ ಹರಿದಾಡುವುದು ಅದೇ ಸದ್ದು.

ಇತ್ತ 1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನ ಹ್ಯೂಸ್ ಪ್ರಯೋಗಾಲಯದಲ್ಲಿ ಥಿಯೊಡೋರ್ ಮೈಮನ್ ಎಂಬ ಮೂವತ್ತೆರಡರ ಯುವಕ ಪುಟ್ಟ ಕೃತಕ ಮಾಣಿಕ್ಯದ ತುಂಡಿನಿಂದ ಕೆಂಪು ಬೆಳಕು ಚಿಮ್ಮಿಸಿದ. ತುಂಡಿನ ಎರಡೂ ತುದಿಗೆ ಬೆಳ್ಳಿಯ ಲೇಪ, ಸುತ್ತ ಜಿಲೇಬಿಯಂತೆ ಸುರುಳಿ ಸುತ್ತಿದ ಫ್ಲ್ಯಾಷ್ ದೀಪ. ಅದೇ ಮೊದಲ ಲೇಸರ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಇಷ್ಟು ಸಣ್ಣದನ್ನು ಯಾರು ನಂಬುತ್ತಾರೆಂದು ಫೋಟೋಗ್ರಾಫರ್ ಇನ್ನೊಂದು ದೊಡ್ಡ ದೀಪವನ್ನು ಹಿಡಿಸಿ ಚಿತ್ರ ತೆಗೆದ! ಪತ್ರಿಕೆಗಳು ‘ಸಾವಿನ ಕಿರಣ’ ಎಂದು ಬರೆದವು. ಸಹಾಯಕ ಡೆಹೇನೆನ್ಸ್ ಮಾತ್ರ, ಇದೊಂದು ಸಮಸ್ಯೆ ಹುಡುಕಿಕೊಂಡು ಹೊರಟ ಪರಿಹಾರ ಎಂದು ತಮಾಷೆ ಮಾಡಿದ.

ಸಮಸ್ಯೆ ಹುಡುಕಲು ಹೊರಟವರ ಕಣ್ಣಿಗೆ ಹಲ್ಲು ಬಹಳ ಬೇಗ ಬಿತ್ತು. 1964ರಲ್ಲೇ ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಲ್ಲಿ ಸ್ಟರ್ನ್ ಮತ್ತು ಸಾಗ್‌ನೆಸ್ ಕಿತ್ತ ಹಲ್ಲುಗಳಿಗೆ ಮಾಣಿಕ್ಯದ ಲೇಸರ್ ಬಿಟ್ಟು ಎನಾಮಲ್ ಗಾಜಿನಂತೆ ಕರಗುವುದನ್ನು ಕಂಡರು. ಮರುವರ್ಷ ಸಿನ್ಸಿನಾಟಿಯ ಚರ್ಮವೈದ್ಯ ಲಿಯೋನ್ ಗೋಲ್ಡ್‌ಮನ್ ಬದುಕಿರುವ ಹಲ್ಲಿಗೇ ಕೈಹಾಕಿದರು. ಬಾಯಿ ತೆರೆದು ಕೂತವರು ಯಾರು? ಅವರ ಸಹೋದರ ಬರ್ನಾರ್ಡ್, ಸ್ವತಃ ಹಲ್ಲಿನ ಡಾಕ್ಟರು. ಆಸ್ತಿ ಪಾಲಿನಲ್ಲಿ ಹಲ್ಲು ಮಸೆಯುವ ಅಣ್ಣತಮ್ಮಂದಿರನ್ನು ನಾವು ಕಂಡಿದ್ದೇವೆ. ಇವರದು ಬೇರೆ ಬಗೆ. ಎರಡು ಬಾರಿ ಬೆಳಕು ಹೊಡೆಯಿತು, ನೋವಾಗಲಿಲ್ಲ, ಹಲ್ಲಿನ ಮೈ ಮಾತ್ರ ತುಸು ಹಾಳಾಯಿತು.

ನೋವಾಗದಿದ್ದುದೇ ಮೋಸ. ಅದೇ 1965ರಲ್ಲಿ ಮಂಗಗಳ ಮೇಲೆ ನಡೆದ ಇನ್ನೊಂದು ಪ್ರಯೋಗ, ಹಲ್ಲಿನ ಒಳಗಿನ ತಿರುಳು ಬರೇ 5.5 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೂ ನೂರಕ್ಕೆ ಹದಿನೈದು ಹಲ್ಲು ಒಳಗಿಂದೊಳಗೇ ಸಾಯುತ್ತವೆ ಎಂದು ತೋರಿಸಿತು. ಎನಾಮಲ್ ಕರಗಿಸುವ ಬೆಳಕು ತಿರುಳನ್ನು ಬೇಯಿಸದೆ ಬಿಟ್ಟೀತೇ? ಹುಳುಕು ತೆಗೆಯಲು ಹೋಗಿ ಹಲ್ಲನ್ನೇ ಸುಟ್ಟಂತಾಗುತ್ತಿತ್ತು. ಹಲ್ಲಿನ ಮೇಲಿನ ಲೇಸರ್ ಪ್ರಯೋಗಗಳು ಕಾಲು ಶತಮಾನ ತಡವರಿಸಿದ್ದು ಈ ಬಿಸಿಯ ಕಾರಣಕ್ಕೆ.

ವಸಡಿಗೆ ದಾರಿ ಬೇಗ ಸಿಕ್ಕಿತು. ಅದಕ್ಕೆ ಕಾರಣನಾದವನು ನಮ್ಮ ನೆರೆಯವನು: ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆತ ಕಾರ್ಬನ್ ಡೈ ಆಕ್ಸೈಡ್ ಲೇಸರ್ ಮಾಡಿದ. ಅದು ಮೃದುವಾದ ಮಾಂಸವನ್ನು ಕೊಯ್ಯುತ್ತ ಹೋದಂತೆ ರಕ್ತನಾಳದ ಬಾಯಿಯನ್ನೂ ಮುಚ್ಚುತ್ತ ಹೋಗುತ್ತದೆ. 1989ರಲ್ಲಿ ದಂತವೈದ್ಯಕ್ಕೆಂದೇ ತಯಾರಾದ ಮೊದಲ ಲೇಸರ್ ಯಂತ್ರ ಬಂದಾಗ ಅದರ ಹಿಂದೆಯೂ ಇದ್ದದ್ದು ಅಣ್ಣತಮ್ಮಂದಿರೇ, ಟೆರಿ ಮತ್ತು ವಿಲಿಯಂ ಮೈಯರ್ಸ್. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ಕಣ್ಣಿನ ಡಾಕ್ಟರು. ಅದಕ್ಕೂ ಅನುಮತಿ ಸಿಕ್ಕಿದ್ದು ವಸಡಿಗೆ.

ಗಟ್ಟಿ ಹಲ್ಲಿನ ಗುಟ್ಟು ಬಿಚ್ಚಿದ್ದು ಜರ್ಮನಿಯ ಉಲ್ಮ್ ಪಟ್ಟಣದಲ್ಲಿ. ಲೇಸರ್ ಸಾಧ್ಯವೆಂಬ ಲೆಕ್ಕವನ್ನು 1917ರಲ್ಲಿ ಹಾಕಿಕೊಟ್ಟ ಐನ್‌ಸ್ಟೈನ್ ಹುಟ್ಟಿದ ಊರು ಅದೇ. 1989ರಲ್ಲಿ ಅಲ್ಲಿನ ಹಿಬ್ಸ್ಟ್ ಮತ್ತು ಕೆಲ್ಲರ್, ಎರ್ಬಿಯಂ ಎಂಬ ಧಾತು ಬೆರೆಸಿದ ಹರಳಿನಿಂದ ಬರುವ, 2940 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಹಲ್ಲಿಗೆ ಬಿಟ್ಟ ವರದಿ ಪ್ರಕಟಿಸಿದರು. ಆ ಬೆಳಕಿಗೆ ಹಲ್ಲಿನ ಗೊಡವೆ ಅಷ್ಟಾಗಿ ಇಲ್ಲ. ಅದಕ್ಕೆ ಬೇಕಾದದ್ದು ನೀರು.

ಇದನ್ನು ಒಗ್ಗರಣೆ ಹಾಕುವವರಿಗೆ ವಿವರಿಸುವುದು ಸುಲಭ. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿಯುವುದೇಕೆ? ಕಾಳಿನ ಒಳಗಿರುವ ಚೂರು ತೇವ ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಸಿಪ್ಪೆ ಒಡೆದು ಹಾರುತ್ತದೆ. ಬಂಡೆಯಂತೆ ಕಾಣುವ ಹಲ್ಲಿನಲ್ಲೂ ತೇವವಿದೆ: ಎನಾಮಲ್‌ನಲ್ಲಿ ತೀರ ಕಡಿಮೆ, ಅದರಡಿಯ ಡೆಂಟಿನ್‌ನಲ್ಲಿ ತೂಕದ ಸುಮಾರು ಹತ್ತರಲ್ಲೊಂದು ಪಾಲು, ಹುಳುಕು ಹಿಡಿದ ಭಾಗದಲ್ಲಿ ಇನ್ನೂ ಹೆಚ್ಚು. ಎರ್ಬಿಯಂ ಬೆಳಕು ಆ ನೀರಿಗೆ ಮುಟ್ಟಿದ ಕೂಡಲೇ ಅದು ಸಿಡಿದು ಸುತ್ತಲಿನ ಹಲ್ಲಿನ ಕಣವನ್ನೂ ಹೊತ್ತೊಯ್ಯುತ್ತದೆ. ಕೆಟ್ಟ ಭಾಗದಲ್ಲಿ ನೀರು ಹೆಚ್ಚಿರುವುದರಿಂದ ಅದೇ ಮೊದಲು ಹೋಗುತ್ತದೆ. ಜೊತೆಗೆ ಸತತವಾಗಿ ನೀರು ಚಿಮುಕಿಸುತ್ತಿದ್ದರೆ ಬಿಸಿ ತಿರುಳಿಗಿಳಿಯುವುದಿಲ್ಲ. ಇಷ್ಟನ್ನು ಒಪ್ಪಿ ಅಮೆರಿಕದ ಎಫ್‌ಡಿಎ ಹಲ್ಲು ಕೊರೆಯಲು ಎರ್ಬಿಯಂ ಲೇಸರಿಗೆ ಅನುಮತಿ ಕೊಟ್ಟದ್ದು 1997ರ ಮೇ ತಿಂಗಳಲ್ಲಿ.

ರೋಗಿ ಹೋದ ಕ್ಲಿನಿಕ್ಕಿನ ಗೋಡೆಯ ಮೇಲೆ ಇದ್ಯಾವುದೂ ಇರಲಿಲ್ಲ. ಇದ್ದದ್ದು ‘ಕಪ್ಪು ವಸಡೇ? ಲೇಸರ್‌ನಿಂದ ಗುಲಾಬಿ ಮಾಡಿಸಿಕೊಳ್ಳಿ’ ಎಂಬ ಪೋಸ್ಟರು. ಡಯೋಡ್ ಲೇಸರಿನ ಬೆಳಕನ್ನು ಮೆಲನಿನ್ ಬಣ್ಣ ಚೆನ್ನಾಗಿ ಹೀರುತ್ತದೆ, ಆದ್ದರಿಂದ ಈ ಕೆಲಸ ಆಗುತ್ತದೆ. ಆದರೆ ನಮ್ಮಂಥ ಮೈಬಣ್ಣದವರ ವಸಡು ಕಪ್ಪಗಿರುವುದು ರೋಗವೇ ಅಲ್ಲ. ಸುಟ್ಟು ತೆಗೆದರೂ ಕೆಲವು ಕಾಲದ ಮೇಲೆ ಆ ಬಣ್ಣ ಮರಳಿ ಬರುವುದುಂಟು. ಮುಖಕ್ಕೆ ಹಚ್ಚುವ ಕ್ರೀಮು ಸಾಲದೆಂದು ಈಗ ಬಾಯೊಳಗೂ ಬಿಳಿಯ ಹುಚ್ಚು! ರೋಗಿ ತುಟಿ ಬಿಗಿದುಕೊಂಡು ಕೂತ.

ಡಾಕ್ಟರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಎಕ್ಸರೇ ನೋಡಿ ಹೇಳಿದರು: “ಸರ್, ಲೇಸರ್ ಮಾಡೋಣ. ಆದ್ರೆ ಈ ಹಳೇ ಬೆಳ್ಳಿ ಫಿಲ್ಲಿಂಗ್ ತೆಗಿಯೋಕೆ ಅದು ಬರಲ್ಲ. ಅದಕ್ಕೆ ಮಾಮೂಲಿ ಡ್ರಿಲ್ಲೇ ಬೇಕು.”

ರೋಗಿಯ ಮುಖ ಇಳಿಯಿತು. ಲೋಹದಲ್ಲಿ ನೀರೆಲ್ಲಿದೆ? ಬೆಳಕು ಅದರ ಮೇಲೆ ಬಿದ್ದು ಚದುರಿಹೋಗುತ್ತದೆ, ಕಾಯಿಸಿದರೆ ಪಾದರಸದ ಆವಿ ಏಳುತ್ತದೆ. ನಲವತ್ತೆಂಟು ವರ್ಷದ ಹಿಂದೆ ತುಳಿದು ಕೊರೆದು ಕೂರಿಸಿದ ಬೆಳ್ಳಿಗೆ ಅಂಥದ್ದೇ ಯಂತ್ರ ಬೇಕಾಯಿತು. ಮೂರು ನಿಮಿಷ ಕೀಂಯ್. ರೋಗಿ ಕುರ್ಚಿಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ ನರ್ಸಮ್ಮ ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಆಮೇಲೆ ಬಾಗಿಲು ಹಾಕಿದರು. ಮೂವರೂ ಕನ್ನಡಕ ಹಾಕಿಕೊಂಡರು. ಒಂದೊಂದು ಬಗೆಯ ಲೇಸರಿಗೆ ಒಂದೊಂದು ಬಗೆಯ ಕನ್ನಡಕ, ಅದಲುಬದಲಾದರೆ ಕಣ್ಣಿಗೆ ಅಪಾಯ. “ನೋವಾದ್ರೆ ಎಡಗೈ ಎತ್ತಿ ಸರ್, ಇಂಜೆಕ್ಷನ್ ಕೊಡ್ತೀನಿ.” ಪೆನ್ನಿನಂಥದ್ದು ಹಲ್ಲಿನ ಹತ್ತಿರ ಬಂತು, ಮುಟ್ಟಲಿಲ್ಲ. ತಣ್ಣನೆಯ ಹನಿಗಳ ಸಿಂಚನ, ಅದರೊಳಗಿಂದ ಟಪ್, ಟಪ್, ಟಪಟಪಟಪ. ಹೆಂಡತಿ ಹೇಳಿದಂತೆ ನಿಶ್ಶಬ್ದವೇನಲ್ಲ. ಆದರೆ ಆ ಶಬ್ದ ಬುರುಡೆಯೊಳಗೆ ಬೀಸಲಿಲ್ಲ, ಪಕ್ಕದ ಮನೆಯ ಅಡುಗೆಕೋಣೆಯಿಂದ ಬಂದ ಹಾಗಿತ್ತು. ಅದುರಿಕೆ ಎಂಬುದೇ ಇರಲಿಲ್ಲ. ಆಳಕ್ಕೆ ಹೋದಾಗ ಎರಡು ಸಲ ಸೂಜಿ ಮೊನೆ ತಾಗಿದಂತಾಗಿ ರೋಗಿಯ ಎಡಗೈ ಅರ್ಧ ಮೇಲೆದ್ದು ನಾಚಿಕೊಂಡು ಕೆಳಗಿಳಿಯಿತು. ಡ್ರಿಲ್ಲಾಗಿದ್ದರೆ ಐದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಹದಿನೈದು ನಿಮಿಷ ಹಿಡಿಯಿತು.

ಕೊನೆಗೆ ಹಲ್ಲಿನ ಬಣ್ಣದ ಸಿಮೆಂಟು ತುಂಬಿ ನೀಲಿ ದೀಪವೊಂದನ್ನು ಹಿಡಿದಾಗ ರೋಗಿ ಭಕ್ತಿಯಿಂದ ಕಣ್ಣರಳಿಸಿದ. ಡಾಕ್ಟರು ನಕ್ಕರು. “ಇದು ಲೇಸರ್ ಅಲ್ಲ ಸರ್, ಎಲ್‌ಇಡಿ. ಫಿಲ್ಲಿಂಗ್ ಗಟ್ಟಿಯಾಗ್ಲಿ ಅಂತ. ಲೇಸರ್ ಆಗಲೇ ಮುಗೀತು.”

ಬಾಯಿ ಮುಕ್ಕಳಿಸಿ, ದಂತ್ಯಗಳೆಲ್ಲ ಮರಳಿ ಬಂದ ಮೇಲೆ, ಆ ಬೆಳ್ಳಿಯ ಚೂರುಗಳನ್ನು ಒಂದು ಕಾಗದದಲ್ಲಿ ಕಟ್ಟಿ ಕೊಡುತ್ತೀರಾ ಎಂದು ಕೇಳಿದ. “ಅಯ್ಯೋ, ಅದರಲ್ಲಿ ಪಾದರಸ ಇದೆ ಸರ್” ಎಂದು ಅವರು ಚೂರುಗಳನ್ನು ಬೇರೊಂದು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದರು.

ಮನೆಯಲ್ಲಿ ಹೆಂಡತಿ ಕಾಯುತ್ತಿದ್ದರು.

“ಲೇಸರ್ ಯಾವ ಬಣ್ಣ ಇತ್ತು?”

“ಕಾಣಲ್ಲ ಅದು. ಕಣ್ಣಿಗೆ ಕಾಣದ ಬೆಳಕು. ಗುರಿ ಹಿಡಿಯೋಕೆ ಒಂದು ಕೆಂಪು ಚುಕ್ಕಿ ಇತ್ತು, ಅಷ್ಟೇ.”

“ಕಾಣದೇ ಇರೋದಕ್ಕೆ ಅಷ್ಟು ದುಡ್ಡು ಕೊಟ್ಟು ಬಂದ್ರಾ?”

ರೋಗಿ ಉತ್ತರ ಕೊಡಲಿಲ್ಲ. ಬಲಗಡೆಯ ದವಡೆಯಲ್ಲಿ ಚಕ್ಕುಲಿ ಇತ್ತು.